ಬಾಡಿಗೆ ಬೇಡ ಎಂದವನು

ಕನಕರಾಜ ಬರುತ್ತಾನೆಂದು ಅತ್ತೆ ನಸುಕಿನಲ್ಲೇ ಎದ್ದು ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದರು. ಅವರ ಮಗ, ಅಂದರೆ ನನ್ನ ಗಂಡ, ತೀರಿಕೊಂಡು ವರ್ಷವಾಗಿ ಮೂರು ದಿನ ಕಳೆದಿತ್ತು. ಪುಣ್ಯಸ್ಮರಣೆಯ ದಿನ ಸ್ವಾಮಿಗಳಿಗೆ ಬಡಿಸಿದ್ದು ಗೋಧಿ ಹುಗ್ಗಿ. ಹೋಳಿಗೆ ಕನಕರಾಜನಿಗೆಂದೇ ಉಳಿಸಿಕೊಂಡಿದ್ದರು.

"ಅವನ ಮುಂದ ತುಪ್ಪದ ಗಿಂಡಿ ಇಡಬೇಕು, ಮರೀಬ್ಯಾಡ," ಎಂದರು. "ಆ ಕಡೆ ಮಂದಿ ಹಾಲು ಹಾಕ್ಕೊಂಡು ಉಣ್ತಾರಂತ. ಹಾಲೂ ಕಾಸಿ ಇಡು."

ಕನಕರಾಜ ಮೈಸೂರಿನ ಟ್ಯಾಕ್ಸಿ ಡ್ರೈವರ್. ನನ್ನ ಗಂಡನಿಗೆ ಎದೆನೋವು ಬಂದ ದಿನ ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಸ್ಪತ್ರೆಗೆ ಒಯ್ದವನು. ಬಾಡಿಗೆ ಕೊಡಲು ಹೋದಾಗ ಬೇಡ ಎಂದವನು. ಈ ಎರಡು ಸಂಗತಿ ಮಸ್ಕಿಯಲ್ಲಿ ನಮ್ಮ ಓಣಿಗೆಲ್ಲ ಗೊತ್ತು. ಅತ್ತೆ ಅಂಬಮ್ಮ ವರ್ಷವಿಡೀ ಬಂದವರಿಗೆಲ್ಲ ಹೇಳಿದ್ದಾರೆ.

"ಬಳಗ ಅಲ್ಲ, ಪೈಕಿ ಅಲ್ಲ, ಎಲ್ಲಿಯಾಂವನೋ. ನನ್ನ ಮಗನ್ನ ಕೂಸಿನಂಗ ಎತ್ತಿಕೊಂಡ. ನನ್ನ ಸಂಗಣ್ಣ ಪರಊರಾಗ ಒಬ್ಬಾವ ಹೋಗಲಿಲ್ಲ. ಒಡಹುಟ್ಟಿದವನ ಕೈಯಾಗ ಹೋದಂಗ ಹೋದ."

ಇದನ್ನು ಹೇಳಿದ ದಿನ ಅತ್ತೆ ಉಣ್ಣುತ್ತಿದ್ದರು. ಹೇಳಲು ಯಾರೂ ಬಾರದ ದಿನ ತಟ್ಟೆ ಹಾಗೆಯೇ ಒಳಗೆ ಹೋಗುತ್ತಿತ್ತು.

ಯುಗಾದಿಗೆ, ಪಂಚಮಿಗೆ ಕನಕರಾಜನಿಗೆ ಫೋನ್ ಮಾಡಿ ಹಬ್ಬದ ಮಾತಾಡಿದ್ದರು. ಅವನು ಎರಡು ಮಾತಾಡಿ ಇಟ್ಟುಬಿಡುತ್ತಿದ್ದ. ಈ ಸಲ ತಾನೇ ಮಾಡಿದ. ಯಾರನ್ನೋ ಹೊಸಪೇಟೆಗೆ ಬಿಡಲು ಬಂದಿದ್ದೇನೆ, ವಾಪಸ್ ಗಾಡಿ ಖಾಲಿ, ಬಂದು ಹೋಗುತ್ತೇನೆ ಎಂದ.

ಮಾತು ಅಷ್ಟಕ್ಕೇ ನಿಂತಿದ್ದರೆ ನಾನು ಹಾಲು ಕಾಸಿ ಇಟ್ಟು ಕಾಲೇಜಿಗೆ ಹೋಗಿಬಿಡುತ್ತಿದ್ದೆ. ಮಾವ ಮರಿಸ್ವಾಮಿಯವರಿಗೆ ಎರಡು ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೃದಯದ ರಕ್ತನಾಳ ಕಟ್ಟಿರಬಹುದು, ದೊಡ್ಡ ಊರಲ್ಲಿ ತೋರಿಸಿ, ತಡಮಾಡಬೇಡಿ ಎಂದು ಲಿಂಗಸುಗೂರಿನ ಡಾಕ್ಟರು ಬರೆದುಕೊಟ್ಟಿದ್ದರು. ಮಾವ ಎಲ್ಲಿಗೂ ಬರಲೊಲ್ಲೆ ಎಂದರು. ಅತ್ತೆ ಅದನ್ನು ಕನಕರಾಜನಿಗೆ ಹೇಳಿದರು.

"ನಾನೇ ಕರ್ಕೊಂಡೋಗ್ತೀನಮ್ಮ. ಮೈಸೂರಲ್ಲಿ ನಂಗೆ ಗೊತ್ತಿರೋ ಆಸ್ಪತ್ರೆ ಇದೆ," ಎಂದಿದ್ದ ಅವನು. ಫೋನು ಸ್ಪೀಕರಿನಲ್ಲಿತ್ತು. ನಾನೂ ಕೇಳಿದೆ.

ಮಾವ ತಕ್ಷಣ ಒಪ್ಪಿಕೊಂಡರು. "ನಮ್ಮ ಸಂಗಣ್ಣ ಮಲಗಿದ ಸೀಟು," ಎಂದರು. "ಅದರಾಗ ಒಂದಿಷ್ಟು ಹೊತ್ತು ಕುಂದರ್ತೀನಿ."

ಊಟ ಮಾಡಿ ಮಧ್ಯಾಹ್ನ ಹೊರಡುವುದೆಂದು ನಿಶ್ಚಯವಾಗಿತ್ತು. ನನಗೆ ಗೊತ್ತಿದ್ದುದನ್ನು ಅಷ್ಟರೊಳಗೆ ಹೇಳಬೇಕಿತ್ತು. ಹೇಳಿದರೆ ಅತ್ತೆ ವರ್ಷವಿಡೀ ನಂಬಿಕೊಂಡಿದ್ದ ಆ ಒಡಹುಟ್ಟಿದವನ ಕೈ ಇಲ್ಲವಾಗುತ್ತಿತ್ತು. ಹೇಳದಿದ್ದರೆ ಮಾವ ಆ ಗಾಡಿಯಲ್ಲಿ ಹೋಗುತ್ತಿದ್ದರು.

*

ಹೋದ ವರ್ಷ ದಸರೆ ರಜೆಯಲ್ಲಿ ನಾವಿಬ್ಬರೂ ಸಿಂಧನೂರಿನಿಂದ ಬಸ್ಸು ಹತ್ತಿ ಮೈಸೂರಿಗೆ ಹೋಗಿದ್ದೆವು. ಮದುವೆಯಾಗಿ ಎರಡು ವರ್ಷವಾಗಿತ್ತು, ಎಲ್ಲಿಗೂ ಹೋಗಿರಲಿಲ್ಲ. ಅವರಿಗೆ ಬೀಜ–ಗೊಬ್ಬರದ ಅಂಗಡಿ. ನನಗೆ ಲಿಂಗಸುಗೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ. ಹೋಗುವ ಮುಂಚೆ ನಾನು ಹದಿನೈದು ದಿನ ಕೂತು ಓದಿದೆ. ಪ್ರವಾಸಿಗರನ್ನು ಟ್ಯಾಕ್ಸಿಯವರು ಹೇಗೆಲ್ಲ ಮೋಸ ಮಾಡುತ್ತಾರೆ, ಹೇಗೆ ತಪ್ಪಿಸಿಕೊಳ್ಳಬೇಕು. ಎಂ.ಎ. ಪರೀಕ್ಷೆಗೆ ಮಾಡಿಕೊಂಡ ಹಾಗೆ ಫೋನಿನಲ್ಲಿ ಟಿಪ್ಪಣಿ ಮಾಡಿಕೊಂಡೆ.

ಓದಿದ್ದು ಕೆಲಸಕ್ಕೆ ಬಂತು. ಬಸ್ ನಿಲ್ದಾಣದ ಹೊರಗೆ ಒಬ್ಬ ನಮ್ಮ ಲಾಡ್ಜಿನ ಹೆಸರು ಕೇಳಿದವನೇ, "ಅಯ್ಯೋ, ಅಲ್ಲಿ ಪೈಪ್ ಒಡೆದು ರೂಮೆಲ್ಲ ನೀರು ಸಾರ್, ಬೇರೆ ತೋರಿಸ್ತೀನಿ," ಎಂದ. ಅವನ ಮುಂದೆಯೇ ಲಾಡ್ಜಿಗೆ ಫೋನ್ ಮಾಡಿದೆ. ಯಾವ ನೀರೂ ಇರಲಿಲ್ಲ. ಇನ್ನೊಬ್ಬ, ಅರಮನೆ ಸಂಜೆ ನಾಲ್ಕರವರೆಗೆ ಮುಚ್ಚಿರುತ್ತದೆ, ಅಷ್ಟರೊಳಗೆ ಗಂಧದೆಣ್ಣೆಯ ಅಂಗಡಿ ನೋಡಿಬಿಡಿ ಎಂದ. ಅರಮನೆಯ ಬಾಗಿಲಲ್ಲಿ ಜನ ಸಾಲಾಗಿ ಒಳಗೆ ಹೋಗುವುದು ನಾವು ನಿಂತಲ್ಲಿಂದಲೇ ಕಾಣುತ್ತಿತ್ತು. ಮೂರನೆಯವನು ಒಂದು ದರ ಹೇಳಿ ಕೂರಿಸಿಕೊಂಡು, ಅರ್ಧ ದಾರಿಗೆ ಬಂದಾಗ ಅದು ಒಬ್ಬರಿಗೆ ಎಂದ. ಅಲ್ಲೇ ಇಳಿದುಬಿಟ್ಟೆವು. ನೋಟು ಕೊಡುವಾಗ ಗಟ್ಟಿಯಾಗಿ ಹೇಳಿ ಕೊಡಬೇಕು, ಇಲ್ಲದಿದ್ದರೆ ಐನೂರನ್ನು ಅಂಗೈಯಲ್ಲಿ ಮಡಚಿ ನೂರು ತೋರಿಸುತ್ತಾರೆ ಎಂದು ಓದಿದ್ದೆ. ಹಾಗೆಯೇ ಕೊಡುತ್ತಿದ್ದೆ.

"ಹತ್ತಿ ಹರಾಜು ಕೂಗಿದಂಗ ಕೂಗ್ತಿಯಲ್ಲ ಬೇ," ಎಂದು ಅವರು ನಗುತ್ತಿದ್ದರು. "ಯಾರರ ಸವಾಲು ಏರಿಸಿಬಿಟ್ಟಾರು."

"ನಗ್ರಿ. ಮೋಸ ಹೋಗಿ ಅಳೂದಕ್ಕಿಂತ ಚಲೋ."

"ಏ ಯುನಿವರ್ಸಿಟಿ ಮೇಡಂ, ಹತ್ತಿದ ಗಾಡಿಗೊಂದು ಫೋಟೋ ಹೊಡಿಯಾಕತ್ತಿ. ನಿನ್ನ ಕಟ್ಟಿಕೊಂಡಾಂವಂದು ಒಂದರ ಹೊಡಿ."

ಹೊಡೆದೆ. ಆ ಫೋಟೋದಲ್ಲಿ ಅವರ ಹಿಂದೆ ಕನಕರಾಜನ ಬಿಳಿ ಗಾಡಿ ಇದೆ. ನಂಬರು ಕಾಣುತ್ತದೆ, ಕೊನೆಯ ನಾಲ್ಕು ಅಂಕಿ ೪೪೧೭. ಈಗ ನಮ್ಮ ಪಡಸಾಲೆಯಲ್ಲಿ ಮಾಲೆ ಹಾಕಿರುವುದು ಅದೇ ಫೋಟೋ. ಸಿಂಧನೂರಿನ ಸ್ಟುಡಿಯೋದವರು ಗಾಡಿಯನ್ನು ಅಳಿಸಿ ನೀಲಿ ಆಕಾಶ ಹಾಕಿಕೊಟ್ಟಿದ್ದಾರೆ.

ಕನಕರಾಜ ಎರಡನೆಯ ದಿನ ಸಿಕ್ಕವನು. ಕೇಳುವ ಮೊದಲೇ ದರ ಹೇಳಿದ, ನಾನು ಓದಿ ಬಂದ ದರವೇ. ಯಾವ ಅಂಗಡಿಯ ಮುಂದೆಯೂ ನಿಲ್ಲಿಸಲಿಲ್ಲ. ನಕ್ಷೆ ತೋರಿಸಿದ ದಾರಿಯಲ್ಲೇ ಹೋದ. "ಇವನೊಬ್ಬ ಸರಿ ಅದಾನ," ಎಂದು ನಾನೇ ಹೇಳಿದೆ. ಮೂರನೆಯ ದಿನಕ್ಕೂ ಅವನನ್ನೇ ಕರೆದೆವು.

ಮೂರನೆಯ ದಿನ ಚಾಮುಂಡಿ ಬೆಟ್ಟ. ದರ್ಶನ ಮಾಡಿ ಮೆಟ್ಟಿಲಿಳಿದು ನಂದಿಯ ಹತ್ತಿರ ಬಂದೆವು. ಅವರು ಕಟ್ಟೆಯ ಮೇಲೆ ಕೂತರು. ಮತ್ತೆ ಏಳಲಿಲ್ಲ.

"ಭುವನಾ, ಎದಿ ಮ್ಯಾಲೆ ಯಾರೋ ಚೀಲ ಹೊರಿಸಿದಂಗ ಆಗೈತಿ."

ದಿನಾ ಚೀಲ ಎತ್ತುವವರ ಮಾತು ಅದು. ಶರ್ಟು ಒದ್ದೆಯಾಗಿತ್ತು. ಗಾಡಿ ನಿಲ್ಲಿಸಿ ಕಾಯುತ್ತಿದ್ದ ಕನಕರಾಜ ಓಡಿ ಬಂದ. ಎರಡೂ ಕೈ ಕೆಳಗೆ ಹಾಕಿ ಅವರನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿಸಿದ. ಅತ್ತೆ ಹೇಳುವುದರಲ್ಲಿ ಇಷ್ಟು ನಿಜ. ಕೂಸಿನಂತೆಯೇ ಎತ್ತಿಕೊಂಡ.

ನನ್ನ ಕೈಯಲ್ಲಿ ಫೋನ್ ಇತ್ತು. ನಾನು ಹೇಳಿದ್ದು ಇಷ್ಟು: "ಅಣ್ಣಾ, ಚಲೋ ದವಾಖಾನಿಗೆ ಒಯ್ರಿ. ನಿಮಗ ಗೊತ್ತಿದ್ದಲ್ಲಿ."

*

ಮಸ್ಕಿಯಲ್ಲಿ ಯಾರದಾದರೂ ಜೀವದ ಮೇಲೆ ಬಂದರೆ ಮೊದಲು ಕರೆಯುವುದು ಹಸನ್‌ಸಾಬರನ್ನು. ಅವರದು ಕ್ರೂಸರ್ ಗಾಡಿ. ದಿನಾ ಮಸ್ಕಿಗೂ ಲಿಂಗಸುಗೂರಿಗೂ ಓಡುತ್ತದೆ. ನಾನು ಕಾಲೇಜಿಗೆ ಹೋಗುವುದೂ ಅದರಲ್ಲೇ. ರೋಗಿಯನ್ನು ತಂದು ಮಲಗಿಸಿದರೆ ಕೂತ ಪ್ರಯಾಣಿಕರು ತಾವೇ ಇಳಿದುಬಿಡುತ್ತಾರೆ. ಎಲ್ಲಿಗೆ ಒಯ್ಯಬೇಕೆಂದು ಯಾರೂ ಹೇಳುವುದಿಲ್ಲ. ಲಿಂಗಸುಗೂರಿನಲ್ಲಿ ಇವತ್ತು ಯಾವ ಡಾಕ್ಟರು ರಜೆ, ಸಿಂಧನೂರಿನಲ್ಲಿ ಯಾವ ಯಂತ್ರ ಕೆಟ್ಟಿದೆ, ಹಾವಿನ ಇಂಜೆಕ್ಷನ್ ಎಲ್ಲಿ ಉಳಿದಿದೆ, ಎಲ್ಲ ಅವರಿಗೆ ಗೊತ್ತು. ಬಳಗಾನೂರಿನಲ್ಲಿ ಒಬ್ಬರಿಗೆ ಗದ್ದೆಯಲ್ಲಿ ಹಾವು ಕಚ್ಚಿದಾಗ ಮನೆಯವರೆಲ್ಲ ಸಿಂಧನೂರು, ಸಿಂಧನೂರು ಎಂದು ಚೀರಿದರಂತೆ. ಹಸನ್‌ಸಾಬ್ ಮಾತಾಡದೆ ಲಿಂಗಸುಗೂರಿಗೆ ತಿರುಗಿಸಿದರು. ಆ ಮನುಷ್ಯ ಈಗಲೂ ಭತ್ತ ನಾಟಿ ಮಾಡಿಸುತ್ತಾನೆ. ಅಂದಿನಿಂದ ಯಾರೂ ಬಾಯಿ ತೆರೆಯುವುದಿಲ್ಲ. ಗಾಡಿಯವನಿಗೆ ದವಾಖಾನೆಯ ಹೆಸರು ಹೇಳುವುದೆಂದರೆ ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ ಎಂದ ಹಾಗೆ.

ಇನ್ನೊಂದು ರೂಢಿಯೂ ಇದೆ. ರೋಗಿ ಬದುಕಿ ಮನೆಗೆ ಬಂದರೆ ಬಾಡಿಗೆಯ ಜೊತೆಗೆ ಒಂದು ಟವಲು, ಎಲೆ ಅಡಿಕೆ. ಸತ್ತರೆ ಗಾಡಿಯವರು ಬಾಡಿಗೆ ಮುಟ್ಟುವುದಿಲ್ಲ. ಕೈಮುಗಿದು ಬೇಡ ಎಂದು ಹೋಗಿಬಿಡುತ್ತಾರೆ.

ನಾನು ಓದಿಕೊಂಡು ಹೋದದ್ದೆಲ್ಲ ಟ್ಯಾಕ್ಸಿಯ ಬಗ್ಗೆ. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ ಮೇಲೆ ಅದು ನನ್ನ ಲೆಕ್ಕದಲ್ಲಿ ಟ್ಯಾಕ್ಸಿಯಾಗಿ ಉಳಿಯಲಿಲ್ಲ. ದವಾಖಾನೆಯ ಗಾಡಿಯಾಯಿತು.

ಕನಕರಾಜ ಒಯ್ದದ್ದು ಊರ ಹೊರಗಿನ ಬಡಾವಣೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ. ಬಾಗಿಲಲ್ಲೇ ಗಾಲಿಕುರ್ಚಿ ಕಾಯುತ್ತಿತ್ತು. ನಾನು ಪರ್ಸು ತೆಗೆದೆ. ಅವನು ಕೈಮುಗಿದ. "ಬೇಡ ಅಕ್ಕ," ಎಂದ. ಒಳಗೆ ಎಳೆಯ ವಯಸ್ಸಿನ ಡಾಕ್ಟರೊಬ್ಬ ಗ್ಯಾಸ್ ಇರಬೇಕು ಎಂದು ಸಲೈನ್ ಹಚ್ಚಿದ. ಮುಕ್ಕಾಲು ಗಂಟೆ ಕಳೆದ ಮೇಲೆ, ಇಲ್ಲಿ ಹೃದಯದ ಡಾಕ್ಟರಿಲ್ಲ, ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು. ದೊಡ್ಡಾಸ್ಪತ್ರೆಯ ಗೇಟಿನೊಳಗೆ ಆಂಬುಲೆನ್ಸ್ ತಿರುಗುವಾಗ ಅವರ ಕೈ ನನ್ನ ಕೈಯಿಂದ ಜಾರಿತು. ಅಲ್ಲಿನ ಡಾಕ್ಟರು ಗಡಿಯಾರ ನೋಡಿ, ಇಷ್ಟು ಹೊತ್ತು ಎಲ್ಲಿದ್ರಿ ಎಂದು ಕೇಳಿದರು.

ಊರಿಗೆ ಫೋನ್ ಮಾಡಿದಾಗ ಅತ್ತೆ ಕೇಳಿದರು, ಯಾರು ಒಯ್ದರು, ಅವನಿಗೆ ಬಾಡಿಗಿ ಕೊಟ್ಟಿಯೇನು? ಬೇಡ ಎಂದ ಎಂದೆ. ಅತ್ತೆ ಅದನ್ನು ನಮ್ಮ ರೂಢಿಯಂತೆ ತಿಳಿದುಕೊಂಡರು.

ದೀಪಾವಳಿ ಕಳೆದ ಮೇಲೆ ಯಾವುದೋ ಅರ್ಜಿಗೆ ಕಾಗದ ಹುಡುಕುವಾಗ ಆ ಸಣ್ಣ ಆಸ್ಪತ್ರೆಯ ದಾಖಲಾತಿ ಚೀಟಿ ಸಿಕ್ಕಿತು. ಹೆಸರು, ವಯಸ್ಸು, ಊರು. ಕೆಳಗೆ ಕಳಿಸಿದವರು ಎಂಬ ಜಾಗ. ಅಲ್ಲಿ ಡಾಕ್ಟರ ಹೆಸರಿರಲಿಲ್ಲ. ನೀಲಿ ಪೆನ್ನಿನಲ್ಲಿ ಗಾಡಿಯ ನಾಲ್ಕು ಅಂಕಿ ಇತ್ತು, ೪೪೧೭. ಪಕ್ಕದಲ್ಲಿ ಸಂದಾಯವಾಯಿತು ಎಂದು ಬರೆದು ಒಂದು ಗೀಟು ಎಳೆದಿತ್ತು.

ಆ ಚೀಟಿಯನ್ನು ನನ್ನ ಆಧಾರ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡೆ. ಯಾರಿಗೂ ತೋರಿಸಲಿಲ್ಲ.

*

ಕನಕರಾಜ ಹನ್ನೊಂದಕ್ಕೆ ಬಂದ. ಅದೇ ಗಾಡಿ. ನಾನು ನೆನಪಿಟ್ಟುಕೊಂಡದ್ದಕ್ಕಿಂತ ತೆಳ್ಳಗಿದ್ದ. ಅತ್ತೆಯ ಕಾಲು ಮುಟ್ಟಿದ. ನನ್ನ ಮುಖ ನೋಡಲಿಲ್ಲ. ಫೋಟೋದ ಕೆಳಗೆ ಕೂರಿಸಿ ಬಡಿಸಿದೆವು.

"ಸಾಕಮ್ಮ, ಒಂದೇ ಸಾಕು."

"ಒಂದ ಹೋಳಿಗಿ ತಿಂದು ಏಳೂದೇನು? ಜಗಳಾಡಿ ಎದ್ದ ಅಂತಾರ ನಮ್ಮ ಕಡಿ. ಕೈ ಅಡ್ಡ ಹಿಡಿಬ್ಯಾಡ ತಮ್ಮಾ, ತುಪ್ಪ ಕೈಮ್ಯಾಲ ಬೀಳ್ತೈತಿ."

"ಅಯ್ಯೋ, ಇಷ್ಟೆಲ್ಲ ಯಾಕಮ್ಮ ಮಾಡಿದ್ರಿ."

"ನಿನಗ ಮಾಡಲಿಲ್ಲ. ನನ್ನ ಮಗಗ ಮಾಡೀನಿ. ಆಂವ ನಾಕು ತಿಂತಿದ್ದ, ನೀನೂ ನಾಕು ತಿನ್ನು."

ಅವನು ತಲೆ ತಗ್ಗಿಸಿ ತಿಂದ. ಮಾವ ಉಣ್ಣದೆ ಅವನನ್ನೇ ನೋಡುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ತಲಿ ಯಾವ ಕಡಿಗೆ ಇತ್ತಪಾ?"

"ಏನು ಅಪ್ಪಾಜಿ?"

"ಸೀಟಿನಾಗ. ನಮ್ಮ ಸಂಗಣ್ಣಂದು. ತಲಿ ಯಾವ ಕಡಿಗೆ ಇತ್ತು?"

ಅವನ ಕೈ ತಟ್ಟೆಯಲ್ಲೇ ನಿಂತಿತು. "ಎಡಗಡೆ. ಅಕ್ಕನ ತೊಡೆ ಮೇಲೆ."

ಮಾವ ಎದ್ದು ಹೊರಗೆ ಹೋದರು. ಗಾಡಿಯ ಹಿಂದಿನ ಬಾಗಿಲು ತೆಗೆದು ಎಡಗಡೆ ಕೂತರು. ಬಾಗಿಲು ಮುಚ್ಚಲಿಲ್ಲ. ಅಂಗೈಯಿಂದ ಸೀಟನ್ನು ಸವರುವುದು ಪಡಸಾಲೆಗೆ ಕಾಣುತ್ತಿತ್ತು.

ಅತ್ತೆ ಮಾವನ ಬಟ್ಟೆ ತುಂಬಲು ಒಳಗೆ ಹೋದರು. ಕನಕರಾಜನಿಗೆ ಕೈತೊಳೆಯಲು ನೀರು ಕೊಡುವ ನೆಪದಲ್ಲಿ ನಾನು ಹಿತ್ತಲಿಗೆ ಕರೆದುಕೊಂಡು ಹೋದೆ. ತಂಬಿಗೆ ಕೊಡುವ ಬದಲು ಚೀಟಿ ಕೊಟ್ಟೆ.

ಅವನು ಓದಿದ. ಕೈಯಲ್ಲಿ ಎಂಜಲಿತ್ತು, ಚೀಟಿಯ ಅಂಚಿಗೆ ತುಪ್ಪ ಹತ್ತಿತು.

"ದೊಡ್ಡಾಸ್ಪತ್ರೆ ನಿಮಗೆ ಗೊತ್ತಿರಲಿಲ್ವಾ?" ಎಂದು ಕೇಳಿದೆ.

"ಗೊತ್ತಿತ್ತು ಅಕ್ಕ."

"ಮತ್ತೆ?"

"ಗ್ಯಾಸ್ಟ್ರಿಕ್ ಅಂದ್ಕೊಂಡೆ. ಬೆಟ್ಟ ಹತ್ತಿ ಇಳಿದೋರಿಗೆ ದಿನಾ ಒಬ್ಬರಿಗೆ ಹಂಗಾಗುತ್ತೆ. ಒಂದು ಬಾಟ್ಲಿ ಹಾಕಿ ಕಳಿಸ್ತಾರೆ. ನಮ್ ಸ್ಟ್ಯಾಂಡಿನ ಗಾಡಿಗಳೆಲ್ಲ ಅಲ್ಲಿಗೇ ಹೋಗ್ತವೆ. ಅಂಗಡಿಗೆ ಕರ್ಕೊಂಡೋದ್ರೆ ಪಾಪ ದುಡ್ಡು ಹೋಗುತ್ತೆ ಜನದ್ದು, ಆಸ್ಪತ್ರೆ ಆದ್ರೆ ಒಳ್ಳೇದೇ ಆಗುತ್ತಲ್ಲ ಅಂತ..." ನಿಲ್ಲಿಸಿದ. "ಅವತ್ತು ಅವರು ಕೊಟ್ಟಿದ್ದು..."

"ಬೇಡ," ಎಂದೆ. ಎಷ್ಟೆಂದು ನನಗೆ ಗೊತ್ತಾಗುವುದು ಬೇಕಿರಲಿಲ್ಲ.

"ಆಮೇಲೆ ನಾನು ಅಲ್ಲಿಗೆ ಒಬ್ಬರನ್ನೂ ಒಯ್ದಿಲ್ಲ. ಅಮ್ಮ ಫೋನ್ ಮಾಡ್ದಾಗೆಲ್ಲ ಹೇಳಬೇಕು ಅನ್ಸೋದು. ಅವರು ಮಗನೇ ಅಂದ್ಬಿಡೋರು. ಅಪ್ಪಾಜೀನ ದೊಡ್ಡಾಸ್ಪತ್ರೆಗೇ ಒಯ್ತೀನಿ. ದೇವರಾಣೆ ಅಕ್ಕ, ಈ ಸಲ ದೊಡ್ಡದಕ್ಕೇ."

ಅವನು ಹೇಳುವುದು ನಿಜವಿದ್ದಿರಬಹುದು. ನಿಜವೋ ಸುಳ್ಳೋ ತಿಳಿಯುವ ಟಿಪ್ಪಣಿ ನನ್ನ ಹತ್ತಿರ ಇರಲಿಲ್ಲ. ಕಳೆದ ಸಲವೂ ಅವನು ಎಲ್ಲ ಪರೀಕ್ಷೆಯಲ್ಲಿ ಪಾಸಾಗಿದ್ದ.

"ಬೇರೆ ಬಾಡಿಗೆ ಬಂತು ಅಂತ ಹೇಳಿ ಹೊರಟುಬಿಡಿ," ಎಂದೆ.

"ಅಮ್ಮನ ಮುಖ ನೋಡಿ ಹೇಗೆ ಹೇಳಲಿ? ನೀವೇ ಹೇಳಿ."

ಒಳಗಿನಿಂದ ಅತ್ತೆ ಕೂಗಿದರು. ನಾವು ಹೊರಗೆ ಬರುವ ಹೊತ್ತಿಗೆ ಅವರು ಮಾವನ ಚೀಲವನ್ನು ಹೊಸ್ತಿಲ ಮೇಲಿಟ್ಟು, ತಟ್ಟೆಯಲ್ಲಿ ಹೊಸ ಧೋತರ, ಟವಲು, ಎಲೆ ಅಡಿಕೆ ಹಿಡಿದು ಗಾಡಿಯ ಹತ್ತಿರ ನಿಂತಿದ್ದರು. ಬದುಕಿ ಬಂದವರ ಮನೆಯಲ್ಲಿ ಗಾಡಿಯವರಿಗೆ ಕೊಡುವ ಟವಲು. ಅದನ್ನೂ ಅವನಿಗೆ ಮುಂಗಡವಾಗಿ ಕೊಡಲು ತಂದಿದ್ದರು.

"ತೊಗೋ ತಮ್ಮಾ. ಇವರನ್ನ ನಿನ್ನ ಉಡಿಗೆ ಹಾಕೀನಿ. ನೀ ಯಾವ ದವಾಖಾನಿ ಅಂತಿಯೋ ಅದ ದವಾಖಾನಿ."

ಕನಕರಾಜ ತಟ್ಟೆಗೆ ಕೈ ನೀಡಲಿಲ್ಲ. ನನ್ನ ಕಡೆ ನೋಡಿದ.

"ಅತ್ತಿ," ಎಂದೆ. "ಮಾವ ಈ ಗಾಡ್ಯಾಗ ಹೋಗೂದು ಬ್ಯಾಡ."

"ಯಾಕ?"

ಚೀಟಿ ಅವನ ಕೈಯಲ್ಲೇ ಇತ್ತು. ಅತ್ತೆಗೆ ಓದಲು ಬಾರದು.

"ಇವರು ಬಾಡಿಗಿ ಬ್ಯಾಡ ಅಂದಿದ್ದು ಸಣ್ಣ ದವಾಖಾನಿ ಬಾಗಲದಾಗ," ಎಂದೆ. "ಹೋದಕೂಡಲೇ."

ಅತ್ತೆ ತಟ್ಟೆ ಹಿಡಿದೇ ನಿಂತರು. ಬಿಸಿಲಿಗೆ ಎಲೆ ಬಾಡತೊಡಗಿತ್ತು.

"ಆವಾಗ ಸಂಗಣ್ಣಗ ಉಸಿರಿತ್ತೇನು?"

"ಇತ್ತು."

"ಮಾತಾಡ್ತಿದ್ದನೇನು?"

"ನೀರು ಕೇಳಿದರು."

ಇನ್ನೇನೂ ಹೇಳಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹಸನ್‌ಸಾಬರ ಗಾಡಿ ನೋಡಿದವರು ಅವರು. ಉಸಿರಿರುವ ರೋಗಿಯ ಬಾಡಿಗೆ ಯಾವ ಗಾಡಿಯವನೂ ಬೇಡ ಎನ್ನುವುದಿಲ್ಲ. ಬೇಡ ಎಂದರೆ ಸಾವನ್ನು ಕರೆದ ಹಾಗೆ. ಇಲ್ಲವೇ ಬೇರೆ ಯಾರೋ ಕೊಟ್ಟಿರಬೇಕು.

"ಯಾರು ಕೊಟ್ಟರು?" ಎಂದು ಅತ್ತೆ ಅವನನ್ನು ಕೇಳಿದರು.

"ಆಸ್ಪತ್ರೆಯವರು," ಎಂದ ಕನಕರಾಜ. ಸುಳ್ಳು ಹೇಳಲಿಲ್ಲ. "ದೊಡ್ಡಾಸ್ಪತ್ರೆ ಹತ್ತಿರ ಇತ್ತಮ್ಮ. ನಾನು ಸಣ್ಣದಕ್ಕೆ ಒಯ್ದೆ."

ಅತ್ತೆ ಅವನ ಮೇಲೆ ಕೈಯೆತ್ತಬಹುದು, ಮಣ್ಣು ತೂರಬಹುದು ಎಂದುಕೊಂಡಿದ್ದೆ. ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ಬಹಳ ಹೊತ್ತು ಅವನ ಕೈಗಳನ್ನು ನೋಡಿದರು.

"ನನ್ನ ಮನ್ಯಾಗ ಉಂಡಿ," ಎಂದರು. "ಉಂಡವಗ ನಾ ಏನೂ ಅನ್ನಾಂಗಿಲ್ಲ. ಹೋಗು."

ಆಮೇಲೆ ನನ್ನ ಕಡೆ ತಿರುಗಿದರು.

"ನೀ ಎಲ್ಲಿ ಕುಂತಿದ್ದಿ?"

"ಹಿಂದ. ಅವರ ತಲಿ ನನ್ನ ತೊಡಿ ಮ್ಯಾಲಿತ್ತು."

"ಕೈಯಾಗ ಫೋನ್ ಇತ್ತೇನು? ದಿನಾ ದಾರಿ ನೋಡ್ತೀಯಲ್ಲ, ಆ ಫೋನು."

"ಇತ್ತು."

"ದೊಡ್ಡ ದವಾಖಾನಿ ಅದರಾಗ ಕಂಡಿತ್ತೇನು?"

ಕಂಡಿತ್ತು. ಬೆಟ್ಟ ಇಳಿದ ಮೇಲೆ ಒಂದು ವೃತ್ತ ಬರುತ್ತದೆ. ನಕ್ಷೆಯಲ್ಲಿ ಕೆಂಪು ಗುರುತು ಎಡಕ್ಕಿತ್ತು, ಒಂಬತ್ತು ನಿಮಿಷ ಎಂದು ಬರೆದಿತ್ತು. ಗಾಡಿ ಬಲಕ್ಕೆ ತಿರುಗಿತು. ನಮ್ಮ ನೀಲಿ ಚುಕ್ಕೆ ಕೆಂಪು ಗುರುತಿನಿಂದ ದೂರ ದೂರ ಸರಿಯಿತು. ನಾನು ಬಾಯಿ ತೆರೆದಿದ್ದೆ. ದೊಡ್ಡಾಸ್ಪತ್ರೆಯಲ್ಲಿ ಇವತ್ತು ಡಾಕ್ಟರು ಇರಲಿಕ್ಕಿಲ್ಲ, ಇವನಿಗೆ ಗೊತ್ತಿರುತ್ತದೆ ಎಂದುಕೊಂಡೆ. ಕೇಳಿದರೆ ಎಷ್ಟು ತಪ್ಪು ತಿಳಿದಾನು, ಎತ್ತಿಕೊಂಡು ಬಂದಿದ್ದಾನೆ ಎಂದುಕೊಂಡೆ. ಮೂರು ದಿನ ಊರಿನವರನ್ನೆಲ್ಲ ಪ್ರಶ್ನೆ ಕೇಳಿದವಳು ಅದೊಂದನ್ನು ಕೇಳಲಿಲ್ಲ.

ಚೀಟಿಯನ್ನು ವರ್ಷವಿಡೀ ಬಚ್ಚಿಟ್ಟದ್ದು ಅತ್ತೆಗೆ ನೋವಾಗಬಾರದೆಂದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜಕ್ಕೂ ಈ ಪ್ರಶ್ನೆ ಬರಬಾರದೆಂದು ಬಚ್ಚಿಟ್ಟಿದ್ದೆ.

"ಕಂಡಿತ್ತು ಅತ್ತಿ."

"ಕೇಳಬೇಕಿಲ್ಲೇನು?"

"ಕೇಳಬೇಕಿತ್ತು."

ಅವರು ಒಳಗೆ ಹೋದರು. ಅಳುವ ಸದ್ದು ಬರಲಿಲ್ಲ. ಪಾತ್ರೆ ಎತ್ತಿಡುವ ಸದ್ದು ಬಂತು.

ಗಾಡಿಯ ಬಾಗಿಲು ತೆರೆದೇ ಇದ್ದುದರಿಂದ ಮಾವ ಎಲ್ಲ ಕೇಳಿಸಿಕೊಂಡಿದ್ದರು. ಆಮೇಲೆ ತಾವೇ ಇಳಿದರು. ಸೀಟಿನ ಎಡಭಾಗವನ್ನು ಇನ್ನೊಮ್ಮೆ ಮುಟ್ಟಿ, ಒಳಗೆ ಯಾರೋ ಮಲಗಿದ್ದಾರೆ ಎಂಬಂತೆ ಮೆಲ್ಲಗೆ ಬಾಗಿಲು ಹಾಕಿದರು.

ಕನಕರಾಜ ಚೀಟಿಯನ್ನು ತಟ್ಟೆಯಲ್ಲಿ ಟವಲಿನ ಪಕ್ಕ ಇಟ್ಟ. ಕೈಮುಗಿದ. ಯಾರೂ ತಿರುಗಿ ಮುಗಿಯಲಿಲ್ಲ. ಗಾಡಿ ಸಿಂಧನೂರಿನ ದಾರಿ ಹಿಡಿಯಿತು.

ನಾನು ಹಸನ್‌ಸಾಬರಿಗೆ ಫೋನ್ ಮಾಡಿದೆ.

*

ಅವರು ಅರ್ಧ ಗಂಟೆಯಲ್ಲಿ ಬಂದರು. ಮಾವನನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿದೆವು. ಅತ್ತೆ ಸೆರಗು ಹೊದ್ದು ಬಂದು ಅವರ ಪಕ್ಕ ಕೂತರು. ನನ್ನ ಜೊತೆ ಮಾತಿರಲಿಲ್ಲ. ನಾನು ಮುಂದೆ ಕೂತು ಫೋನಿನಲ್ಲಿ ನಕ್ಷೆ ತೆರೆದೆ.

ಹಸನ್‌ಸಾಬ್ ಕೀಲಿ ತಿರುಗಿಸಿದರು. "ಯಜಮಾನರ್ದು ಎದಿ ಅಂದ್ರ ನಾವು ಮೊದಲ..."

"ಕಲಬುರಗಿ," ಎಂದೆ. "ಸರ್ಕಾರಿ ಹೃದಯದ ದವಾಖಾನಿ. ಲಿಂಗಸುಗೂರು, ತಿಂಥಣಿ, ಸುರಪುರ ಮ್ಯಾಲೆ. ನಾ ಫೋನ್ ಮಾಡೀನಿ, ಡಾಕ್ಟರು ಅದಾರ."

ಅವರ ಕೈ ಗೇರಿನ ಮೇಲೆ ನಿಂತಿತು. ಹಿಂದೆ ತಿರುಗಿ ಅತ್ತೆಯನ್ನು ನೋಡಿದರು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

"ತಂಗಿ, ಇಪ್ಪತ್ತೆರಡು ವರ್ಷ ಆತು ಈ ಸ್ಟೇರಿಂಗ್ ಹಿಡದು," ಎಂದರು ಹಸನ್‌ಸಾಬ್. "ಇವತ್ತಿನತನಕ ನನಗ ಯಾರೂ ದವಾಖಾನಿ ಹೆಸರು ಹೇಳಿಲ್ಲ."

"ಗೊತ್ತೈತ್ರಿ."

"ನಾನೂ ಕಲಬುರಗಿನ ಅನ್ನವನಿದ್ದೆ."

"ಇರಬಹುದ್ರಿ."

"ಬರೋಬ್ಬರಿ ಆತು ಬಿಡು. ಕಲ್ತೋರು ಹೇಳಬೇಕು, ನಾವು ಹೊಡಿಬೇಕು."

ಗಾಡಿ ಹೊರಟಿತು. ಅವರು ದಿನಾ ಹಚ್ಚುವ ಹಾಡು ಹಚ್ಚಲಿಲ್ಲ. ರಸ್ತೆಯ ಪಕ್ಕದ ಹೊಲಗಳಲ್ಲಿ ಹತ್ತಿ ಬಿಡಿಸುವವರು ಬಾಗಿದ್ದರು. ಕನ್ನಡಿಯಲ್ಲಿ ಮಾವನ ಮುಖ ಕಾಣುತ್ತಿತ್ತು, ಕಣ್ಣು ಮುಚ್ಚಿತ್ತು, ಎದೆ ಏರಿಳಿಯುತ್ತಿತ್ತು. ನಾನು ಒಮ್ಮೆ ಅದನ್ನು, ಒಮ್ಮೆ ನೀಲಿ ಚುಕ್ಕೆಯನ್ನು ನೋಡುತ್ತಿದ್ದೆ.

ಲಿಂಗಸುಗೂರಿನಲ್ಲಿ ಸುರಪುರದ ರಸ್ತೆಗೆ ನೇರ ಹೋಗಬೇಕಾದ ಕಡೆ ಗಾಡಿ ಎಡಕ್ಕೆ ಹೊರಳಿತು. ಚುಕ್ಕೆ ಗೆರೆ ಬಿಟ್ಟು ಸರಿಯಿತು.

"ಎಲ್ಲಿಗೆ?" ಎಂದೆ. ನನ್ನ ದನಿ ಇಡೀ ಗಾಡಿಗೆ ಕೇಳಿಸುವಷ್ಟು ಜೋರಾಗಿತ್ತು. "ಹಸನ್‌ಸಾಬ, ಎಲ್ಲಿಗೆ ಹೊಂಟ್ರಿ?"

ಅವರು ಬ್ರೇಕು ಹಾಕಿದರು. ಎದುರಿಗೆ ಪೆಟ್ರೋಲ್ ಬಂಕಿತ್ತು. ಅವರ ಮುಖ ಕೆಂಪಾಗಿತ್ತು.

"ಡೀಸೆಲ್ ಹಾಕಿಸಬೇಕವ್ವ," ಎಂದರು. "ಕಲಬುರಗಿ ಮುಟ್ಟೂ ಅಷ್ಟು ಇಲ್ಲ. ಅದಕ್ಕೂ ನಿನ್ನ ಕೇಳಬೇಕೇನು? ನಿನ್ನ ಗಂಡ ಹುಟ್ಟಿದ ದಿನ ನಿಮ್ಮ ಅತ್ತಿನ್ನ ದವಾಖಾನಿಗೆ ಒಯ್ದಾವ ನಮ್ಮಪ್ಪ."

ಫೋನು ತೊಡೆಯ ಮೇಲಿತ್ತು. ಹಿಂದಿನಿಂದ ಅತ್ತೆಯ ದನಿ ಬಂತು. ಮಸ್ಕಿ ಬಿಟ್ಟ ಮೇಲೆ ಅವರು ಆಡಿದ ಮೊದಲ ಮಾತು.

"ಕೇಳ್ಲಿ ಬಿಡು ಹಸನ್‌ಸಾಬ. ಆಕಿ ಕೇಳ್ಲಿ."

ಅದರಲ್ಲಿ ಸಿಟ್ಟಿತ್ತೋ ಬೇರೆ ಏನಾದರೂ ಇತ್ತೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಡೀಸೆಲ್ ಹಾಕಿಸಿಕೊಂಡು ಮತ್ತೆ ದೊಡ್ಡ ರಸ್ತೆಗೆ ಬಂದೆವು. ಆಮೇಲೆ ತಿಂಥಣಿಯ ಸೇತುವೆಯವರೆಗೆ ಪ್ರತಿ ತಿರುವಿನಲ್ಲಿ ನಾನು ಕೇಳಿದೆ. ಹಸನ್‌ಸಾಬ್ ಮುಂದಿನ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಪ್ರತಿ ಸಲವೂ ಉತ್ತರ ಕೊಟ್ಟರು.